ಯಾವ ಸ್ತೋತ್ರ ಯಾವುದಕ್ಕೆ

ಅಣ್ಣ ರಾತ್ರಿ ತೊಳೆದಿಟ್ಟಿದ್ದ ಪಾತ್ರೆಗಳನ್ನು ನಾನು ಬೆಳಿಗ್ಗೆ ಮತ್ತೆ ತೊಳೆಯುತ್ತಿದ್ದೆ. ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡು, ಸ್ಟೀಲಿಗೆ ಸ್ಟೀಲು ತಾಗದಂತೆ ಒಂದೊಂದನ್ನೇ ಹಳೆಯ ಟವೆಲಿನ ಮೇಲೆ ಬೋರಲು ಹಾಕುತ್ತಿದ್ದೆ. ಅನ್ನದ ಪಾತ್ರೆಯ ಅಂಚಿನಲ್ಲಿ ಅಗುಳು ಒಣಗಿ ಹಿಡಿದುಕೊಂಡಿತ್ತು. ಲೋಟಗಳ ಒಳಗೆ ಸೋಪಿನ ಬಿಳಿ ಪೊರೆ. ಸಾರಿನ ಪಾತ್ರೆಯ ತಳವನ್ನು ಅವನು ಮುಟ್ಟಿಯೇ ಇರಲಿಲ್ಲ.

ಅಮ್ಮ ತಲೆ ಬಾಚಿಕೊಳ್ಳುತ್ತಾ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ದೀಪಾಂಜಲಿ ನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಅವಳು ಆಯಾ. ಶನಿವಾರವೂ ಬೆಳಗಿನ ಡ್ಯೂಟಿ.

"ಅವನು ತೊಳ್ದಿದ್ದಾನಲ್ಲೇ ಸುವಿ."

"ಸೋಪು ಹಾಗೇ ಇದೆ."

"ಎದ್ದು ನೋಡಿದ್ರೆ ಬೇಜಾರ್ ಮಾಡ್ಕೋತಾನೆ ಕಣೇ. ಸದ್ದು ಮಾಡ್ಬೇಡ."

"ಮಾಡ್ತಾ ಇಲ್ಲ."

ಅವಳು ಒಂದು ಲೋಟವನ್ನೆತ್ತಿ ಬಲ್ಬಿನ ಬೆಳಕಿಗೆ ಹಿಡಿದು ನೋಡಿದಳು. ಅದನ್ನು ನನ್ನ ಕಡೆಗೆ ಸರಿಸಿದಳು.

ಅಣ್ಣ ಎಬೆನೇಜರ್ ಪಾತ್ರೆ ತೊಳೆದದ್ದು ಪಾತ್ರೆಗಾಗಿ ಅಲ್ಲ, ಕಾರ್ಡಿಗಾಗಿ. ಡಿಸೆಂಬರ್ ಒಂದನೇ ತಾರೀಖು, ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ, ನಮ್ಮ ಸಭೆಯಲ್ಲಿ, ಎಂದರೆ ಚರ್ಚಿನಲ್ಲಿ, ಎಲ್ಲರಿಗೂ ಒಂದೊಂದು ಕಾರ್ಡು ಕೊಟ್ಟಿದ್ದರು. ಪಾದ್ರಿಗಳನ್ನು ನಾವು ಅಯ್ಯನವರು ಎನ್ನುತ್ತೇವೆ. ಈ ಅಯ್ಯನವರು ಹೊಸಬರು, ಒಳ್ಳೆಯವರು, ಕೂತಲ್ಲಿ ಕೂರದೆ ಏನಾದರೊಂದು ಮಾಡಿಸುವವರು. ಕಾರ್ಡಿನಲ್ಲಿ ಇಪ್ಪತ್ತನಾಲ್ಕು ಸಾಲುಗಳು, ಎರಡು ಕಾಲಂ. ಎಡಗಡೆ, 'ಇಂದು ನಾನು ಯಾವುದಕ್ಕಾಗಿ ಸ್ತೋತ್ರ ಹೇಳಿದೆ.' ನಮ್ಮಲ್ಲಿ ದೇವರಿಗೆ ಹೇಳುವ ಧನ್ಯವಾದವೇ ಸ್ತೋತ್ರ. ಬಲಗಡೆ, 'ಇಂದು ನಾನು ಹೇಗೆ ನನ್ನನ್ನು ತಗ್ಗಿಸಿಕೊಂಡೆ.' ಪ್ರತಿ ದಿನ ಮನೆಯ ಪ್ರಾರ್ಥನೆಯಲ್ಲಿ ಬರೆದು ಓದಬೇಕು. ಚೆನ್ನಾಗಿ ನಡೆಸಿಕೊಂಡು ಬಂದ ಒಂದು ಕುಟುಂಬಕ್ಕೆ ಇಪ್ಪತ್ತನಾಲ್ಕನೇ ತಾರೀಖಿನ ಕಾರ್ಯಕ್ರಮದಲ್ಲಿ ಸಾಕ್ಷಿ ಹೇಳುವ ಅವಕಾಶ. ದೇವರು ತಮ್ಮ ಮನೆಯಲ್ಲಿ ಮಾಡಿದ್ದನ್ನು ಸಭೆಯ ಮುಂದೆ ನಿಂತು ಹೇಳುವುದಕ್ಕೆ ನಾವು ಸಾಕ್ಷಿ ಎನ್ನುತ್ತೇವೆ.

ನಮ್ಮ ಮನೆಯ ನಾಲ್ಕು ಕಾರ್ಡುಗಳು ಫ್ರಿಜ್ಜಿನ ಬಾಗಿಲ ಮೇಲೆ, ಗ್ಯಾಸ್ ಏಜೆನ್ಸಿಯವರು ಕೊಟ್ಟ ಮ್ಯಾಗ್ನೆಟ್‌ಗಳ ಕೆಳಗೆ, ಸಾಲಾಗಿದ್ದವು. ಅಪ್ಪನದು ಮೊದಲು. ಅಪ್ಪ ಜ್ಞಾನಮಿತ್ರ ಒಂದು ಶಾಲೆಯಲ್ಲಿ ಅಟೆಂಡರ್. ಶಾಲೆಯಲ್ಲಿ ಗಂಟೆ ಹೊಡೆಯುತ್ತಾರೆ, ಹೆಡ್ ಮೇಡಂಗೆ ಫೈಲು ಎತ್ತಿಕೊಡುತ್ತಾರೆ. ಭಾನುವಾರ ಮಾತ್ರ ಕೋಟು ಹಾಕುತ್ತಿದ್ದರು. ಹನ್ನೆರಡು ವರ್ಷ ಸಭೆಯ ಕಮಿಟಿಯಲ್ಲಿದ್ದು ಹೋದ ವರ್ಷದ ಚುನಾವಣೆಯಲ್ಲಿ ಸೋತರು. ಸೋತ ಮೇಲೆ ಕಾಣಿಕೆ ಚೀಲ ಹಿಡಿಯುವುದಕ್ಕೂ ಅವರನ್ನು ಕರೆಯಲಿಲ್ಲ. ಅಂದಿನಿಂದ ಅಪ್ಪ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ ಎಂದು ಅಮ್ಮ ಹೇಳಿದ್ದಳು. ಸಾಕ್ಷಿಯ ಅವಕಾಶ ತಮಗೆ ಬೇಕು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆರು ತಿಂಗಳಿನಿಂದ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಿದ್ದಿದ್ದ ಕೋಟನ್ನು ಡಿಸೆಂಬರ್ ಎರಡನೇ ತಾರೀಖೇ ಬಿಡಿಸಿಕೊಂಡು ಬಂದರು.

ಆ ಕಾರ್ಡುಗಳನ್ನು ಯಾರೂ ಇಲ್ಲದಾಗ ನಾನು ಓದುತ್ತಿದ್ದೆ.

ಅಪ್ಪ: ಬಿಸಿ ಬಿಸಿ ಸಾರಿಗಾಗಿ ಕರ್ತನಿಗೆ ಸ್ತೋತ್ರ. ಬಾತ್‌ರೂಮಿಗೆ ನೀರು ಹಾಕಿದೆ.

ಅಣ್ಣ: ಇಸ್ತ್ರಿ ಮಾಡಿದ ಶರ್ಟಿಗಾಗಿ ಸ್ತೋತ್ರ. ಅಪ್ಪನ ಚಪ್ಪಲಿ ಎತ್ತಿಟ್ಟೆ.

ಅಮ್ಮ: ಮನೆಗೆ ಬರುವಷ್ಟರಲ್ಲಿ ಕಾಫಿ ಸಿದ್ಧವಾಗಿತ್ತು, ಸ್ತೋತ್ರ. ವಾರ್ಡಿನಲ್ಲಿ ಸಿಸ್ಟರ್ ಬೈದರೂ ಸುಮ್ಮನಿದ್ದೆ.

ಸಾರು ಬಿಸಿಯಾಗಿತ್ತು, ಶರ್ಟು ಇಸ್ತ್ರಿಯಾಗಿತ್ತು, ಕಾಫಿ ಸಿದ್ಧವಾಗಿತ್ತು. ಎಲ್ಲವೂ ತಾನಾಗಿ ಆಗಿತ್ತು. ಇಪ್ಪತ್ತು ದಿನಗಳ ಸ್ತೋತ್ರದಲ್ಲಿ ನನ್ನ ಹೆಸರು ಒಂದು ಸಲವೂ ಇರಲಿಲ್ಲ. ಇದನ್ನು ಹೇಳಿದರೆ ಹೆಸರಿಗಾಗಿ ಮಾಡುತ್ತೀಯಾ ಎಂದು ಕೇಳುತ್ತಾರೆ. ಹೆಸರಿಗಾಗಿ ಯಾರಾದರೂ ಸಾರು ಮಾಡುತ್ತಾರೆಯೇ?

ನನ್ನ ಕಾರ್ಡಿನ ಎಡಗಡೆ ತುಂಬಿತ್ತು. ಕರೆಂಟು ಹೋಗಲಿಲ್ಲ, ಸ್ತೋತ್ರ. ಅಜ್ಜಿ ಮೂರು ಚಮಚ ಹೆಚ್ಚು ಗಂಜಿ ಕುಡಿದಳು, ಸ್ತೋತ್ರ. ಬಲಗಡೆ ಖಾಲಿ. ಮೊದಲನೇ ದಿನ ಅಲ್ಲಿ 'ಅಜ್ಜಿಯ ಬಟ್ಟೆ ಒಗೆದೆ' ಎಂದು ಬರೆದಿದ್ದೆ. ಅಪ್ಪ ಓದಿ, ಕನ್ನಡಕ ತೆಗೆದು, ಮೆತ್ತಗೆ ಹೇಳಿದರು.

"ಅದು ನೀನು ದಿನಾ ಮಾಡೋ ಕೆಲ್ಸ ಅಲ್ವೇನಮ್ಮಾ? ಅದು ತಗ್ಗಿಸಿಕೊಳ್ಳೋದು ಹೇಗಾಗತ್ತೆ? ತಗ್ಗಿಸಿಕೊಳ್ಳೋದು ಅಂದ್ರೆ ಮೇಲಿರೋನು ಕೆಳಗಿಳಿಯೋದು."

"ಹಾಗಾದ್ರೆ ಏನ್ ಬರೀಲಿ?"

"ಯೋಚ್ನೆ ಮಾಡು. ಕರ್ತನು ತೋರಿಸ್ತಾನೆ."

ಅಪ್ಪ ಕುರ್ಚಿಯಲ್ಲಿದ್ದರು, ನಾನು ನೆಲದ ಮೇಲೆ ಕೂತಿದ್ದೆ. ಅಲ್ಲಿಂದ ಇನ್ನೆಲ್ಲಿಗೆ ಇಳಿಯುವುದೋ ನನಗೆ ಹೊಳೆಯಲಿಲ್ಲ. ಬರೆದದ್ದನ್ನು ರಬ್ಬರಿನಿಂದ ಉಜ್ಜಿದೆ. ಪೆನ್ನಿನ ಅಕ್ಷರ, ಹೋಗಲಿಲ್ಲ. ಕಾಗದ ಮಾತ್ರ ಸುಲಿಯಿತು.

ಅಜ್ಜಿಯ ವಿಷಯ ಹೇಳಬೇಕು. ಅಪ್ಪನ ತಾಯಿ ಅವಳು. ಏಳು ವರ್ಷದ ಹಿಂದೆ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಅಜ್ಜಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೋಯಿತು. ಮಾತೂ ಹೋಯಿತು. ಅಮ್ಮನಿಗೆ ಡ್ಯೂಟಿ, ಅಪ್ಪನಿಗೆ ಶಾಲೆ, ಅಣ್ಣನಿಗೆ ಪಿಯುಸಿ ಪರೀಕ್ಷೆ. 'ಒಂದು ತಿಂಗಳು ಮನೇಲಿರು' ಎಂದು ನನಗೆ ಹೇಳಿದರು. ಆ ತಿಂಗಳು ಮುಗಿಯಿತು ಎಂದು ಯಾರೂ ಹೇಳಲಿಲ್ಲ.

ಎಲ್ಲ ಮಾತು ಹೋದರೂ ಅಜ್ಜಿಗೆ ಒಂದು ಮಾತು ಉಳಿಯಿತು. ಸ್ತೋತ್ರ. ಹುಟ್ಟಿದಾಗಿನಿಂದ ದಿನಕ್ಕೆ ನೂರು ಸಲ ಹೇಳಿದ ಮಾತು, ನಮ್ಮವರು ಎದುರು ಸಿಕ್ಕರೆ ನಮಸ್ಕಾರದ ಬದಲು ಹೇಳುವ ಮಾತು. ಡಾಕ್ಟರರು ಅದಕ್ಕೇನೋ ಕಾರಣ ಹೇಳಿದರು, ಮಿದುಳಿನಲ್ಲಿ ರೂಢಿಯ ಮಾತು ಇರುವ ಜಾಗವೇ ಬೇರೆಯಂತೆ. ಸಭೆಯವರು ಬೇರೆ ಕಾರಣ ಹೇಳಿದರು. ನೋಡಲು ಬಂದವರು "ಸ್ತೋತ್ರ ಅಜ್ಜಿ" ಎನ್ನುತ್ತಾರೆ. ಅಜ್ಜಿ "ಸ್ತೋತ್ರ" ಎನ್ನುತ್ತಾಳೆ. ಅವರು ಕಣ್ಣೊರೆಸಿಕೊಳ್ಳುತ್ತಾರೆ. "ಎಲ್ಲಾ ಹೋದ್ರೂ ಸ್ತೋತ್ರ ಹೋಗ್ಲಿಲ್ಲ ನೋಡಿ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಮೆಟ್ಟಿಲಿಳಿಯುತ್ತಾರೆ.

ಅಜ್ಜಿ ಎಲ್ಲದಕ್ಕೂ ಅದನ್ನೇ ಹೇಳುತ್ತಾಳೆ ಎಂಬುದು ನನಗೊಬ್ಬಳಿಗೆ ಗೊತ್ತು. ಕೊನೆಯನ್ನು ನುಂಗಿ 'ಸ್ತೋ' ಎಂದರೆ ನೀರು. 'ಸ್ತೋ...ತ್ರ' ಎಂದು ಎಳೆದರೆ ಮಗ್ಗುಲು ಬದಲಿಸು. ಎರಡು ಸಲ ಬೇಗ ಬೇಗ ಹೇಳಿದರೆ ಬೆಡ್‌ಪ್ಯಾನು. 'ತ್ರ' ಮಾತ್ರ ಉಗುಳಿದಂತೆ ಬಂದರೆ ಬೈಗುಳ. ನಾನು ಗಂಜಿಗೆ ಉಪ್ಪು ಮರೆತಾಗ, ಅಪ್ಪನ ಪ್ರಾರ್ಥನೆ ಉದ್ದವಾದಾಗ ಬರುತ್ತದೆ. ಬೆಳಗಿನ ಜಾವ ಒಮ್ಮೊಮ್ಮೆ ತುಟಿಯೊಳಗೇ ಹೇಳಿಕೊಳ್ಳುವುದು ಮಾತ್ರ ನಿಜವಾದ ಸ್ತೋತ್ರ ಇರಬೇಕು. ಅದನ್ನು ಹೇಳುವಾಗ ಅವಳು ನನ್ನನ್ನು ನೋಡುವುದಿಲ್ಲ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಆ ಶನಿವಾರ ನನಗೆ ಕುರುಬರಹಳ್ಳಿಗೆ ಹೋಗಬೇಕಿತ್ತು. ಅಲ್ಲಿ ಗುರುದೇವಿ ಆಂಟಿಯ ಟೈಲರಿಂಗ್ ಅಂಗಡಿ ಇದೆ. ಮೊದಲು ಗೋವಿಂದರಾಜನಗರದ ನಮ್ಮ ಬೀದಿಯಲ್ಲೇ ಇದ್ದರು. ಈಗಲೂ ಬ್ಲೌಸುಗಳಿಗೆ ಹೆಮ್ಮಿಂಗ್ ಮಾಡಲು, ಹುಕ್ಕು ಹಾಕಲು ನನಗೇ ಕಳಿಸುತ್ತಾರೆ. ಅಜ್ಜಿ ಮಲಗಿದಾಗ ಕೂತು ಮಾಡುತ್ತೇನೆ. ಆ ವಾರ ಅವರು ಫೋನು ಮಾಡಿ, ಮುಗಿದ ಬ್ಲೌಸುಗಳನ್ನು ನೀನೇ ತಂದುಕೊಡು, ಮಾತಾಡುವುದಿದೆ ಎಂದಿದ್ದರು.

ಅಪ್ಪ ಸಭೆಯಲ್ಲಿ ನಕ್ಷತ್ರ ಕಟ್ಟಲು ಹೋಗಿದ್ದರು. ಅಮ್ಮ ಡ್ಯೂಟಿಯಲ್ಲಿ. ಮನೆಯಲ್ಲಿದ್ದವನು ಅಣ್ಣ, ಅವನ ಆಫೀಸಿಗೆ ಶನಿವಾರ ಭಾನುವಾರ ರಜ.

"ಎಬ್ಬಿ, ಎರಡು ಗಂಟೆ ಅಜ್ಜಿ ಹತ್ರ ಇರ್ತೀಯಾ?"

"ಇರ್ತೀನಿ ಹೋಗೇ. ಇವತ್ತಿನ ದೀನತೆ ಅದೇ ಬರ್ಕೋತೀನಿ."

"ನೀರು ಚಮಚದಲ್ಲಿ ಕೊಡು. ಗಂಜಿ ಆಗಿದೆ. ಎಲ್ಲಾ ಮಾಡ್ಸಿದೀನಿ."

'ಎಲ್ಲಾ ಮಾಡ್ಸಿದೀನಿ' ಎಂದು ಅಷ್ಟೇ ಹೇಳಿದೆ. ಪ್ಯಾನಿನ ವಿಷಯವನ್ನು ಅಣ್ಣನಿಗೆ ಬಿಡಿಸಿ ಹೇಳಲು ನಾಚಿಕೆಯಾಯಿತು. ಎರಡು ಗಂಟೆಯಲ್ಲಿ ಏನೂ ಆಗುವುದಿಲ್ಲ ಎಂದುಕೊಂಡೆ.

ಮಾಗಡಿ ರೋಡಿನಲ್ಲಿ ಬಸ್ಸು ಸಿಕ್ಕಲು ಅರ್ಧ ಗಂಟೆಯಾಯಿತು. ಅಂಗಡಿಯಲ್ಲಿ ಕುಸುಮಾ ಎಂಬ ಹುಡುಗಿ ಏಳು ತಿಂಗಳ ಹೊಟ್ಟೆಯನ್ನು ಮಷಿನ್ನಿಗೆ ತಾಗದಂತೆ ಓರೆಯಾಗಿ ಕೂತು ಹೊಲಿಯುತ್ತಿದ್ದಳು. ಗುರುದೇವಿ ಆಂಟಿ ನಾನು ತಂದ ಬ್ಲೌಸನ್ನು ಒಳಗಡೆ ಮಗುಚಿ, ಕಾಯುತ್ತಿದ್ದ ಗಿರಾಕಿಗೆ ತೋರಿಸಿದರು.

"ನೋಡಿ ಮೇಡಂ, ದಾರ ಹುಡುಕಿ. ಸಿಗಲ್ಲ ನಿಮ್ಗೆ. ಈ ಹುಡುಗಿ ಮಾಡಿದ್ದು."

ಆ ಹೆಂಗಸು ಬ್ಲೌಸಿನಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. "ಚೆನ್ನಾಗಿದೆ ಕಣಮ್ಮ. ಥ್ಯಾಂಕ್ಸ್" ಎಂದಳು. ನನಗೆ ಏನು ಹೇಳಬೇಕೆಂದು ತಿಳಿಯದೆ "ಸ್ತೋತ್ರ" ಎಂದುಬಿಟ್ಟೆ. ಅವಳು "ಏನು?" ಎಂದಳು. ಕುಸುಮಾ ನಕ್ಕಳು. ನನ್ನ ಕಿವಿ ಬಿಸಿಯಾಯಿತು.

ಗಿರಾಕಿ ಹೋದ ಮೇಲೆ ಆಂಟಿ ಹೇಳಿದರು. "ಇವಳು ನಾಳೆ ಹೆರಿಗೆಗೆ ಅಮ್ಮನ ಮನೆಗೆ ಹೊರಟ್ಳು. ಸಂಕ್ರಾಂತಿ ಆದ್ಮೇಲೆ ಮದುವೆ ಸೀಸನ್. ಸೋಮವಾರದಿಂದ ಈ ಮಷಿನ್ ಮುಂದೆ ನಂಗೆ ಜನ ಬೇಕು. ಹತ್ತರಿಂದ ಆರು. ಕಟಿಂಗೂ ಹೇಳ್ಕೊಡ್ತೀನಿ. ಬುಧವಾರ ನಿಮ್ ಹಬ್ಬ, ರಜ ತಗೋ. ಬರ್ತೀಯಾ?"

"ಮನೇಲಿ ಕೇಳ್ಬೇಕು ಆಂಟಿ."

"ಹೋದ ವರ್ಷಾನೂ ಹಿಂಗೇ ಅಂದೆ. ನೀನು ಕೇಳೋಳಲ್ಲ, ಅವರು ಹೇಳೋರಲ್ಲ. ಸೋಮವಾರ ಹತ್ತು ಗಂಟೆಗೆ ನೀನು ಬರ್ಲಿಲ್ಲ ಅಂದ್ರೆ ಹತ್ತೂಕಾಲಿಗೆ ಮಾಲಾ ಅಂತ ಇನ್ನೊಬ್ಬ ಹುಡುಗಿಗೆ ಫೋನ್ ಮಾಡ್ತೀನಿ. ಆಮೇಲೆ ನನ್ನ ಬೈಕೋಬೇಡ."

ಕುಸುಮಾ ಎದ್ದು ನಿಂತು ಬೆನ್ನು ನೀವಿಕೊಳ್ಳುತ್ತಿದ್ದಳು. "ಕೂತು ನೋಡಕ್ಕ" ಎಂದಳು. ಕೂತೆ. ಪೆಡಲ್ ಮೇಲೆ ಕಾಲಿಟ್ಟೆ. ಎಂಟನೇ ಕ್ಲಾಸಿನಲ್ಲಿ ಹೊಲಿಗೆಯ ಪೀರಿಯಡ್ ಇತ್ತು, ಕಾಲು ಮರೆತಿರಲಿಲ್ಲ. ಒಂದು ತುಂಡು ಬಟ್ಟೆಯ ಮೇಲೆ ನೇರವಾಗಿ ಹೊಲಿಗೆ ಹಾಕಿ ದಾರ ಕತ್ತರಿಸಿದೆ.

"ಬರ್ತೀನಿ ಆಂಟಿ" ಎಂದೆ.

ನನ್ನ ಬಾಯಿಂದ ಅದು ಅಷ್ಟು ಸುಲಭವಾಗಿ ಬಂದದ್ದು ನೋಡಿ ನನಗೇ ಭಯವಾಯಿತು. ಬಸ್ಸಿನಲ್ಲಿ ಹಿಂದಿರುಗುವಾಗ ಮನೆಯಲ್ಲಿ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಐದಾರು ಥರ ಹೇಳಿ ನೋಡಿದೆ. ಎಲ್ಲವೂ ಕ್ಷಮೆ ಕೇಳಿದ ಹಾಗೆಯೇ ಇದ್ದವು.

ಬಾಗಿಲು ತೆಗೆದ ಕೂಡಲೇ ವಾಸನೆ ಬಂತು. ಅಣ್ಣ ಹಾಲಿನ ಸೋಫಾದ ಮೇಲೆ ಫೋನು ಹಿಡಿದು ಕೂತಿದ್ದ. ಅವನ ಮುಖ ಹೊಳೆಯುತ್ತಿತ್ತು.

"ಸುವಿ, ಬಾ ಇಲ್ಲಿ. ಅಜ್ಜಿ ಇವತ್ತು ಬೇರೆ ಲೆವೆಲ್ ಕಣೇ. ಮುಕ್ಕಾಲು ಗಂಟೆ ಬಿಡದೆ ಸ್ತೋತ್ರ ಹೇಳಿದ್ಲು. ನಾನೂ ಪಕ್ಕದಲ್ಲಿ ಕೂತು ಹಲ್ಲೆಲೂಯಾ ಹೇಳ್ದೆ. ನಂಗೇ ಮೈ ಜುಮ್ಮಂತು. ವೀಡಿಯೋ ಮಾಡಿ ಸಭೆ ವಾಟ್ಸಾಪ್ ಗ್ರೂಪಿಗೆ ಹಾಕಿದೀನಿ, ಎಪ್ಪತ್ತು ಹಾರ್ಟ್ ಬಂದಿದೆ."

ನಾನು ಒಳಗೆ ಓಡಿದೆ. ಅಜ್ಜಿ ಗೋಡೆಯ ಕಡೆಗೆ ಮುಖ ಮಾಡಿಕೊಂಡಿದ್ದಳು. ಸೀರೆ, ಬೆಡ್‌ಶೀಟು, ಕೆಳಗಿನ ಕಂಬಳಿ ಎಲ್ಲ ತೊಯ್ದಿತ್ತು. ಬರೀ ನೀರಲ್ಲ. ಎಷ್ಟು ಹೊತ್ತಾಗಿತ್ತೋ, ಅಂಚು ಒಣಗಲು ಶುರುವಾಗಿತ್ತು. ನಾನು ಮುಟ್ಟಿದಾಗ ಅವಳು ಏನೂ ಹೇಳಲಿಲ್ಲ. ಆ ಒಂದು ಮಾತನ್ನೂ ಹೇಳಲಿಲ್ಲ.

ಬಿಸಿನೀರು ಕಾಯಿಸಿ, ಒರೆಸಿ, ಸೀರೆ ಬದಲಿಸಿ, ಪೌಡರ್ ಹಾಕಿ ಮಲಗಿಸುವಷ್ಟರಲ್ಲಿ ಒಂದು ಗಂಟೆ ಹಿಡಿಯಿತು. ಸೊಂಟದ ಹತ್ತಿರ ಚರ್ಮ ಕೆಂಪಾಗಿತ್ತು. ಅಣ್ಣ ಬಾಗಿಲ ತನಕ ಬಂದು ಮೂಗು ಮುಚ್ಚಿಕೊಂಡು ನಿಂತ.

"ಕರೀಲಿಲ್ಲ ಕಣೇ ಅವಳು."

"ಮುಕ್ಕಾಲು ಗಂಟೆ ಕರ್ದಿದ್ದಾಳೆ."

"ಸ್ತೋತ್ರ ಅಂತಿದ್ಲು."

"ಅದೇ ಕರೆಯೋದು."

"ನಂಗೇನ್ ಗೊತ್ತು? ಸ್ತೋತ್ರ ಅಂದ್ರೆ ಸ್ತೋತ್ರ ಅಲ್ವಾ?"

ಅವನ ಫೋನು ಕಿತ್ತುಕೊಂಡು ವೀಡಿಯೋ ನೋಡಿದೆ. ಮೊದಲು ಎರಡು ಸಲ, ಬೇಗ ಬೇಗ. ಸ್ವಲ್ಪ ಬಿಟ್ಟು ಮತ್ತೆ ಎರಡು ಸಲ. ಅಣ್ಣನ ಧ್ವನಿ, ಹಲ್ಲೆಲೂಯಾ. ಆಮೇಲೆ ಉಗುಳಿದಂಥದು. ಕೊನೆಗೆ ಬರೀ ಉಸಿರು. ವೀಡಿಯೋದ ಉದ್ದಕ್ಕೂ ಅಜ್ಜಿಯ ಕಣ್ಣು ಬಾಗಿಲ ಮೇಲಿತ್ತು. ಕೆಳಗೆ ಹೃದಯಗಳು, ಕೈಮುಗಿದ ಚಿತ್ರಗಳು, 'ಎಂಥಾ ನಂಬಿಕೆ!' ಎಂಬ ಮಾತುಗಳು.

"ತೆಗ್ದುಬಿಡು ಇದನ್ನ."

"ಹುಚ್ಚಾ? ಅಯ್ಯನವರೇ ಫಾರ್ವರ್ಡ್ ಮಾಡಿದಾರೆ."

ಕಂಬಳಿ ಒಗೆದು ಮಹಡಿಯ ಮೇಲೆ ಹರವಿದೆ. ಅಣ್ಣನ ಮೇಲೆ ಸಿಟ್ಟು ಬಂದಷ್ಟೇ ಬೇಗ ಇನ್ನೊಂದು ಯೋಚನೆಯೂ ಬಂತು. ಏಳು ವರ್ಷದಲ್ಲಿ ಒಂದು ದಿನವಾದರೂ ನಾನು ಹೇಳಬಹುದಿತ್ತು. ಕೇಳಲಿಲ್ಲ ಎಂದು ಹೇಳಲಿಲ್ಲ, ಸರಿ. ಅದಷ್ಟೇ ಅಲ್ಲ. ಬಂದವರೆಲ್ಲ ಕಣ್ಣೊರೆಸಿಕೊಳ್ಳುವಾಗ ನಾನು ಮೂಲೆಯಲ್ಲಿ ನಿಂತು, ಇವರಿಗೇನೂ ಗೊತ್ತಿಲ್ಲ ಎಂದು ಒಳಗೊಳಗೇ ನಗುತ್ತಿದ್ದೆ. ಈ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿರುವುದು ಎಂದು ಇದ್ದದ್ದು ಅದೊಂದು. ಅದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಅದರ ಬೆಲೆಯನ್ನು ಅಜ್ಜಿ ಮುಕ್ಕಾಲು ಗಂಟೆ ಕೂಗಿ, ತೊಯ್ದು ಮಲಗಿ ಕೊಟ್ಟಳು.

ಮಧ್ಯಾಹ್ನ ಅಮ್ಮ ಡ್ಯೂಟಿಯಿಂದ ಬಂದ ಕೂಡಲೇ ಹೇಳಲು ಹೋದೆ. ಅವಳು ಚಪ್ಪಲಿ ಬಿಚ್ಚಿ ಗೋಡೆಗೊರಗಿ ಕೂತಿದ್ದಳು.

"ಅಮ್ಮಾ, ಗುರುದೇವಿ ಆಂಟಿ ಸೋಮವಾರದಿಂದ ಬಾ ಅಂದ್ರು. ಅಂಗಡಿಗೆ. ದಿನಾ."

"ದಿನಾ ಅಂದ್ರೆ? ಅಜ್ಜೀನ ಯಾರು ನೋಡ್ಕೋತಾರೆ?"

"ನಿನ್ನ ಡ್ಯೂಟಿ ಎರಡು ಗಂಟೆಗೆ ಮುಗಿಯತ್ತೆ. ಅಪ್ಪಂಗೆ ಕ್ರಿಸ್ಮಸ್ ರಜ, ಬೆಳಿಗ್ಗೆ..."

"ಏಳು ಗಂಟೆಯಿಂದ ಹತ್ತು ಜನದ್ದು ಬಾಚಿ ಬರ್ತೀನಿ ಕಣೇ ನಾನು. ಮನೆಗ್ ಬಂದ್ ಮೇಲೂ ಅದೇನಾ?" ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತು. ಅದಕ್ಕೇ ನನಗೆ ಜಗಳವಾಡಲೂ ಆಗಲಿಲ್ಲ. "ಹಬ್ಬ ಮುಗೀಲಿ, ನೋಡೋಣ."

"ಸೋಮವಾರಾನೇ ಬೇಕಂತೆ."

"ಹಬ್ಬದ ಹೊತ್ತಲ್ಲಿ ಯಾಕೆ ಸುವಿ ಹಿಂಗ್ ಮಾಡ್ತೀಯಾ? ಇರೋದ್ರಲ್ಲಿ ತೃಪ್ತಿ ಇರ್ಬೇಕು. ನಮ್ಮ ವಾರ್ಡಲ್ಲಿ ನೋಡಿದ್ರೆ ನಿಂಗೆ ಗೊತ್ತಾಗೋದು ಎಂಥೆಂಥಾ ಕಷ್ಟ ಇದೆ ಅಂತ."

ಭಾನುವಾರ ಮೂವರೂ ಸಭೆಗೆ ಹೋದರು. ನಾನು ಹೋಗಲಿಲ್ಲ, ಹೋಗುವುದೂ ಇಲ್ಲ. ಅಜ್ಜಿಯ ಜೊತೆ ಒಬ್ಬರು ಇರಬೇಕು. ಗುಲಾಬಿ ಹೂವಿನಂಥ ರೋಸ್ ಕುಕ್ಕಿಗಳನ್ನು ಕರಿಯುತ್ತಿದ್ದೆ. ಸಂಜೆ ಏಳೂವರೆಗೆ ಕ್ಯಾರಲ್ ಹಾಡುವ ತಂಡ ನಮ್ಮ ಮನೆಗೆ ಬರುವುದಿತ್ತು. ಹಿಟ್ಟಿನಲ್ಲಿ ಅಚ್ಚನ್ನು ಅದ್ದಿ ಎಣ್ಣೆಯಲ್ಲಿ ಅಲ್ಲಾಡಿಸಿದರೆ ಹೂವು ಬಿಡಬೇಕು. ಆ ದಿನ ಒಂದೂ ಸರಿಯಾಗಿ ಬಿಡಲಿಲ್ಲ. ಚಾಕುವಿನಿಂದ ಎಬ್ಬಿಸಿ ಎಬ್ಬಿಸಿ ಅರ್ಧ ಮುರಿದವು.

ಮಧ್ಯಾಹ್ನ ಅಪ್ಪ ಮೆಟ್ಟಿಲನ್ನು ಎರಡೆರಡು ಹತ್ತಿ ಬಂದರು. ಕೋಟಿನಲ್ಲೇ ಅಡುಗೆಮನೆಗೆ ಬಂದು ನನ್ನ ತಲೆ ಮುಟ್ಟಿದರು.

"ಸುವಾರ್ತಾ, ನಮ್ಮನ್ನೇ ಆರಿಸಿದ್ರಮ್ಮಾ. ಸಾಕ್ಷಿಗೆ. ಅಯ್ಯನವರು ಆರಾಧನೆ ಮಧ್ಯದಲ್ಲಿ ನಿಲ್ಸಿ ಅವ್ವನ ವೀಡಿಯೋ ಬಗ್ಗೆ ಹೇಳಿದ್ರು. ಎಲ್ಲಾ ತಿರುಗಿ ನನ್ನ ನೋಡಿದ್ರು."

ಅವರ ಕಣ್ಣು ತುಂಬಿತ್ತು. ಅಪ್ಪ ಅಷ್ಟು ಸಂತೋಷವಾಗಿದ್ದುದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ಚಾಕುವನ್ನು ಕೈಯಲ್ಲಿ ಹಿಡಿದು ನಿಂತುಕೊಂಡೆ. ಈಗ ಹೇಳದಿದ್ದರೆ ಮತ್ತೆಂದೂ ಆಗುವುದಿಲ್ಲ ಎಂದು ಗೊತ್ತಿತ್ತು.

"ಅಪ್ಪಾ, ನಿನ್ನೆ ಅಜ್ಜಿ ಸ್ತೋತ್ರ ಹೇಳ್ತಿರ್ಲಿಲ್ಲ. ಪ್ಯಾನ್ ಬೇಕು ಅಂತಿದ್ಲು."

"ಎಬ್ಬಿ ಹೇಳ್ದ. ಹಾಸಿಗೆ ಒದ್ದೆ ಮಾಡ್ಕೊಂಡ್ಲಂತೆ. ವಯಸ್ಸಾದವ್ರು, ಆಗತ್ತೆ."

"ಆಗ್ಲಿಲ್ಲ. ಕರೆದ್ಲು. ಎರಡು ಸಲ ಬೇಗ ಹೇಳಿದ್ರೆ ಅದು..."

"ನಿಂಗೆ ಎಲ್ಲದ್ರಲ್ಲೂ ತಪ್ಪೇ ಕಾಣತ್ತಲ್ಲಮ್ಮಾ" ಎಂದರು ಅಪ್ಪ. ಗದರಲಿಲ್ಲ. ಬೇಸರದಿಂದ ಹೇಳಿದರು. "ಒಂದು ಒಳ್ಳೇದು ಆದಾಗ ಅದನ್ನ ಒಳ್ಳೇದು ಅಂತ ತಗೊಳೋಕೆ ಕಲಿ. ಅದೇ ಕೃತಜ್ಞತೆ."

ಆಮೇಲೆ ಫ್ರಿಜ್ಜಿನ ಮುಂದೆ ನಿಂತು ನನ್ನ ಕಾರ್ಡನ್ನು ನೋಡಿದರು. "ಇದೊಂದು ಖಾಲಿ ಇದೆ. ಸಂಜೆ ಕ್ಯಾರಲ್‌ನವರ ಜೊತೆ ಅಯ್ಯನವರು ಬಂದು ಕಾರ್ಡು ನೋಡ್ತಾರೆ. ಇಡೀ ಬಲಗಡೆ ಖಾಲಿ ಇಟ್ಕೊಂಡು ನಾನು ಹೇಗೆ ಸಾಕ್ಷಿ ಹೇಳ್ಲಿ?"

ಅಣ್ಣ ಹಾಲಿನಿಂದಲೇ ಕೂಗಿದ. "ನಾನು ತೊಳ್ದ ಪಾತ್ರೆ ಮತ್ತೆ ತೊಳೆದಿದ್ದಕ್ಕೆ ನನ್ನತ್ರ ಸಾರಿ ಕೇಳ್ಲಿ. ಒಂದು ಸಾಲು ತುಂಬತ್ತೆ."

ಅಮ್ಮ ನಕ್ಕಳು. ನಕ್ಕಿದ್ದಕ್ಕೆ ಅವಳಿಗೇ ಕಸಿವಿಸಿಯಾಗಿ ನನ್ನ ಕೈಯಿಂದ ಚಾಕು ತೆಗೆದುಕೊಂಡಳು. "ಹೋಗ್ಲಿ ಕೇಳ್ಬಿಡೇ. ನಿಂದೇನ್ ಹೋಗತ್ತೆ?"

ಅಣ್ಣನ ಮುಂದೆ ಹೋಗಿ ನಿಂತೆ. "ಸಾರಿ" ಎಂದೆ. ಅವನು ಫೋನಿನಿಂದ ಕಣ್ಣೆತ್ತದೆ "ಪರ್ವಾಗಿಲ್ಲ ಬಿಡು" ಎಂದ. ಒಳಗೆ ಅಜ್ಜಿ ಕೊನೆಯನ್ನು ನುಂಗಿ "ಸ್ತೋ" ಎಂದಳು. "ನೋಡಿ, ನೋಡಿ" ಎಂದರು ಅಪ್ಪ ಕೈಯೆತ್ತಿ. ನಾನು ನೀರು ತೆಗೆದುಕೊಂಡು ಹೋದೆ. ನಾನು ಚಮಚದಲ್ಲಿ ನೀರು ಕುಡಿಸುವುದನ್ನು ಅಪ್ಪ ಬಾಗಿಲಿನಿಂದ ನೋಡುತ್ತಿದ್ದರು. ಅಜ್ಜಿ ಆರು ಚಮಚ ಕುಡಿದಳು. ಅವರ ಕೈ ಮೆಲ್ಲಗೆ ಇಳಿಯಿತು. ಕೋಟು ಬಿಚ್ಚಲು ಹೋದರು.

ಅವರಿಗೆ ಅರ್ಥವಾಯಿತು ಎಂದುಕೊಂಡೆ. ಈಗ ಹೊರಬಂದು ಕೇಳುತ್ತಾರೆ, ಸುವಿ, ಆ ಎರಡು ಸಲದ್ದು ಏನು ಎಂದು. ಕಾದೆ. ಅವರು ಸಾಕ್ಷಿಯ ಮಾತುಗಳನ್ನು ಬಿಳಿ ಹಾಳೆಯಲ್ಲಿ ಬರೆಯಲು ಕೂತರು. ಅಲ್ಲಲ್ಲಿ ಜೋರಾಗಿ ಓದಿಕೊಳ್ಳುತ್ತಿದ್ದರು. "ನನ್ನ ತಾಯಿ ಸಕಲವನ್ನೂ ಮರೆತರು. ಆದರೆ..." ಅಲ್ಲಿ ನಿಲ್ಲಿಸಿ ಮತ್ತೆ ಮೊದಲಿನಿಂದ ಓದುತ್ತಿದ್ದರು.

ಏಳು ಗಂಟೆಗೆ ಪ್ರಾರ್ಥನೆಗೆ ಕೂತೆವು. ತಂಡ ಬರಲು ಅರ್ಧ ಗಂಟೆಯಿತ್ತು. ಅಜ್ಜಿಯ ಕೋಣೆಯ ಬಾಗಿಲು ತೆರೆದೇ ಇತ್ತು. ಅಪ್ಪ ಕಾರ್ಡುಗಳನ್ನು ಹಂಚಿದರು. ಅಮ್ಮ ಓದಿದಳು. ಅಣ್ಣ ಓದಿದ: ಅಜ್ಜಿಯ ಸೇವೆ ಮಾಡುವ ಭಾಗ್ಯಕ್ಕಾಗಿ ಸ್ತೋತ್ರ. ಅಪ್ಪ ಓದಿದರು: ಕಡೆಗಣಿಸಲ್ಪಟ್ಟವನನ್ನು ನೆನೆಸಿದ್ದಕ್ಕಾಗಿ ಸ್ತೋತ್ರ. ಓದುವಾಗ ಅವರ ಧ್ವನಿ ಒಡೆಯಿತು. ನನಗೆ ಅಳು ಬಂತು, ಸಿಟ್ಟೂ ಬಂತು. ಯಾವುದನ್ನು ಮೊದಲು ನುಂಗಬೇಕೋ ಗೊತ್ತಾಗಲಿಲ್ಲ.

"ನಿಂದು ಓದಮ್ಮಾ. ಬಲಗಡೇದು."

ಕಾರ್ಡನ್ನು ಮಡಿಲಲ್ಲಿ ಬೋರಲು ಹಾಕಿದೆ. ಈ ಮನೆಯಲ್ಲಿ ನಾನು ಒಂದೇ ಉಸಿರಿಗೆ ಹತ್ತು ಮಾತಿಗಿಂತ ಹೆಚ್ಚು ಆಡಿದ್ದು ನೆನಪಿಲ್ಲ. ನೆಲ ನೋಡಿಕೊಂಡೇ ಹೇಳಿದೆ.

"ಅಜ್ಜಿ ಒಂದೊಂದಕ್ಕೂ ಒಂದೊಂದು ಥರ ಸ್ತೋತ್ರ ಹೇಳ್ತಾಳೆ. ಏಳು ವರ್ಷದಿಂದ ನಂಗೆ ಗೊತ್ತು. ನಿಮ್ಗೆ ಯಾರಿಗೂ ಹೇಳ್ಲಿಲ್ಲ. ನನ್ನೊಬ್ಬಳಿಗೇ ಗೊತ್ತು ಅನ್ನೋ ಜಂಭ ಇತ್ತು. ನಿನ್ನೆ ಅಜ್ಜಿಗೆ ಹಂಗಾಗಿದ್ದು ಅದ್ರಿಂದ್ಲೂ. ಅದು ನನ್ನ ತಪ್ಪು. ಬೇಕಾದ್ರೆ ಅದನ್ನೇ ಬರ್ಕೋತೀನಿ. ನಾಳೆಯಿಂದ ನಾನು ಗುರುದೇವಿ ಆಂಟಿ ಅಂಗಡಿಗೆ ಹೋಗ್ತೀನಿ. ಬರ್ತೀನಿ ಅಂತ ಹೇಳಿ ಬಂದಿದೀನಿ. ಒಂಬತ್ತು ಗಂಟೆಗೆ ಹೊರಡ್ಬೇಕು. ಅಷ್ಟರೊಳಗೆ ನಿಮ್ಮಲ್ಲಿ ಒಬ್ಬರಿಗಾದ್ರೂ ಗೊತ್ತಿರ್ಬೇಕು, ಯಾವ ಸ್ತೋತ್ರ ಯಾವುದಕ್ಕೆ ಅಂತ. ಈಗ ಎಚ್ಚರವಾಗಿದಾಳೆ. ಒಬ್ರು ನನ್ ಜೊತೆ ಬನ್ನಿ, ಹೇಳ್ಕೊಡ್ತೀನಿ."

ಅಪ್ಪ ತಮ್ಮ ಬಿಳಿ ಹಾಳೆಯನ್ನು ಎರಡಾಗಿ ಮಡಿಸಿದರು, ಮತ್ತೆ ಬಿಡಿಸಿದರು. ಅಮ್ಮ ಸೆರಗಿನ ತುದಿಯಲ್ಲಿ ಹತ್ತಿದ್ದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅಣ್ಣ ಗಡಿಯಾರ ನೋಡಿದ. ನಾನು ಎದ್ದು ಅಜ್ಜಿಯ ಕೋಣೆಯ ಬಾಗಿಲ ತನಕ ಹೋಗಿ, ಕದ ಹಿಡಿದು ತಿರುಗಿ ನಿಂತೆ.

"ಐದು ನಿಮಿಷ ಸಾಕು. ಯಾರಾದ್ರೂ ಒಬ್ರು ಬನ್ನಿ."